ನೀರು ನಿಲ್ಲುವ ತನಕ

ಮೊನ್ನೆ ಮಲೆಬೆನ್ನೂರಿನ ಒಂದು ಹುಡುಗಿ ದಾವಣಗೆರೆಯ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಹೆಸರು ಕಾವ್ಯ. ಹೆಲಿಕಾಪ್ಟರ್ ಹಾರಿಸುವ ಲೈಸೆನ್ಸು ಕೈಗೆ ಬಂದಿದೆ, ಕೆಲಸ ಮಾತ್ರ ಸಿಕ್ಕಿಲ್ಲ. ಸಮುದ್ರದ ನಡುವಿನ ಎಣ್ಣೆ ಬಾವಿಗಳಿಗೆ ಜನರನ್ನು ಸಾಗಿಸುತ್ತಾರಲ್ಲ, ಅಂಥ ಕಂಪನಿಗೆ ಸೇರಬೇಕೆಂಬ ಆಸೆ ಅವಳಿಗೆ. ಅದೇ ಕೆಲಸ ಮಾಡಿ ನಿವೃತ್ತನಾದ ಮುದುಕನೊಬ್ಬ ಇಲ್ಲಿದ್ದಾನೆ ಎಂದು ಯಾರೋ ಹೇಳಿದ್ದರಂತೆ. ಯಾವ ಪರೀಕ್ಷೆ ಬರೆಯಬೇಕು, ಯಾರನ್ನು ಕಾಣಬೇಕು ಎಂದೆಲ್ಲ ಕೇಳಿದಳು. ಗೊತ್ತಿದ್ದಷ್ಟು ಹೇಳಿದೆ. ಏಳುವ ಹೊತ್ತಿಗೆ, "ಸರ್, ನಿಮಗೆ ಫಸ್ಟ್ ಕೆಲ್ಸ ಹೆಂಗ್ ಸಿಕ್ತು?" ಅಂದಳು. ನಾನು ಬಾಯಿ ತೆರೆಯುವುದರೊಳಗೆ ಅಡುಗೆಮನೆಯಿಂದ ನನ್ನ ಹೆಂಡತಿ ಸುಶೀಲಾಳ ದನಿ ಬಂತು: "ಅದೊಂದು ಕೇಳಬ್ಯಾಡವ್ವ. ಶುರು ಮಾಡಿದ್ರೆ ನಿನಗೆ ಊರಿನ ಬಸ್ಸು ತಪ್ಪತೈತೆ."

ಹುಡುಗಿ ನಕ್ಕು ಬಸ್ಸಿಗೆ ಹೋದಳು. ಉತ್ತರ ನನ್ನ ಗಂಟಲಲ್ಲೇ ಉಳಿಯಿತು. ಅದಕ್ಕೇ ಈ ಬರೆಯುವ ಕೆಲಸಕ್ಕೆ ಕೂತಿದ್ದೇನೆ. ಬರೆದದ್ದನ್ನು ಓದಲು ಬಸ್ಸು ತಪ್ಪಿಸಿಕೊಳ್ಳಬೇಕಾಗಿಲ್ಲ.

ಮೊದಲು ಈ ಕೆಲಸ ಎಂದರೇನು ಎಂಬುದನ್ನು ಹೇಳಿಬಿಡುತ್ತೇನೆ. ಕರಿ ಕನ್ನಡಕ, ಹೂಮಾಲೆ, ಧೂಳೆಬ್ಬಿಸಿ ಇಳಿಯುವ ಮಂತ್ರಿ, ಅದೆಲ್ಲ ಬೇರೆ ಬಾಬ್ತು. ನಮ್ಮದು ದಾವಣಗೆರೆ–ಹರಿಹರ ಮಧ್ಯೆ ಓಡಾಡುವ ಬಸ್ಸಿನ ಕೆಲಸ. ಬೆಳಗ್ಗೆ ಮುಂಬೈಯಿಂದ ಜನ ತುಂಬಿಕೊಂಡು ಹೊರಡಬೇಕು. ಸಮುದ್ರದ ಮಧ್ಯೆ ಕಬ್ಬಿಣದ ಕಾಲುಗಳ ಮೇಲೆ ನಿಂತ ಅಟ್ಟಣಿಗೆಯ ಮೇಲೆ ಇಳಿಯಬೇಕು. ಒಂದಿಷ್ಟು ಜನರನ್ನು ಇಳಿಸಿ, ಒಂದಿಷ್ಟು ಜನರನ್ನು ಹತ್ತಿಸಿಕೊಂಡು ಮುಂದಿನ ಅಟ್ಟಣಿಗೆಗೆ ಹೋಗಬೇಕು. ವೆಲ್ಡರುಗಳು, ಅಡುಗೆಯವರು, ಎಂಜಿನಿಯರುಗಳು, ಎಲ್ಲರೂ ನಮ್ಮ ಪ್ಯಾಸೆಂಜರುಗಳೇ. ಹೋಗುವಾಗ ಎಲ್ಲರ ಮುಖವೂ ಸಪ್ಪೆ, ಬರುವಾಗ ಎಲ್ಲರದೂ ಹಬ್ಬದ ಮುಖ. ವ್ಯತ್ಯಾಸ ಇಷ್ಟೇ, ಬಸ್ಸು ಕೆಟ್ಟರೆ ಪಕ್ಕಕ್ಕೆ ನಿಲ್ಲಿಸಬಹುದು. ನಮಗೆ ಪಕ್ಕ ಅಂತ ಇರುವುದು ನೀರು.

ಇನ್ನೊಂದು ವ್ಯತ್ಯಾಸವೂ ಇದೆ. ಇಲ್ಲಿ ಮನುಷ್ಯರನ್ನೂ ತೂಕ ಮಾಡುತ್ತಾರೆ. ಗುಂಡಗಿರುವವರು ತಕ್ಕಡಿ ಹತ್ತುವಾಗ ಉಸಿರು ಬಿಗಿಹಿಡಿಯುವುದನ್ನು ನೋಡಿದ್ದೇನೆ, ಅದರಿಂದ ತೂಕ ಇಳಿದೀತು ಎಂಬಂತೆ. ಚೀಲಗಳಿಗೂ ಅದೇ ಕಟ್ಟುನಿಟ್ಟು. ಒಮ್ಮೆ ರಜೆ ಮುಗಿಸಿ ಹೊರಟಾಗ ಸುಶೀಲಾ ನಮ್ಮೂರಿನ ಮಂಡಕ್ಕಿಯನ್ನು ದೊಡ್ಡ ಚೀಲದ ತುಂಬ ಕಟ್ಟಿಕೊಟ್ಟಿದ್ದಳು. ಅಟ್ಟಣಿಗೆಯ ಮೇಲೆ ನಮ್ಮ ಕಡೆಯ ಅಡುಗೆಯವನೊಬ್ಬನಿದ್ದ, ಅವನಿಗೆಂದು. ಚೀಲದ ಗಾತ್ರ ಕಂಡು ನಮ್ಮ ಕ್ಯಾಪ್ಟನ್ ಹುಬ್ಬು ಗಂಟಿಕ್ಕಿ, ತಾನೇ ಎತ್ತಿ ತೂಗಲು ಹೋದ. ಭಾರವಿದೆ ಎಂದು ಜೋರಾಗಿ ಎತ್ತಿದ್ದಕ್ಕೆ ಚೀಲದ ಜೊತೆ ತಾನೂ ಹಿಂದಕ್ಕೆ ವಾಲಿದ. ಮುಳ್ಳು ಅಲ್ಲಾಡಲಿಲ್ಲ. ಕೊನೆಗೆ ಆ ಚೀಲ ಸಮುದ್ರವನ್ನೇ ಕಾಣಲಿಲ್ಲ. ಈರುಳ್ಳಿ, ಖಾರ, ಎಣ್ಣೆ ಹಚ್ಚಿ ಅಲ್ಲೇ ಖಾಲಿ ಮಾಡಿದರು. ಪಾಪ, ಅಡುಗೆಯವನಿಗೆ ಮುಂದಿನ ಸಲ ಬೇರೆ ಒಯ್ದೆ.

ಆ ಕ್ಯಾಪ್ಟನ್ ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನು, ಕೆಲಸದಲ್ಲಿ ನನಗೆ ಮೇಲಿನವನು. ನಾನು ಸೈನ್ಯದಲ್ಲಿ ಹಿಮಾಲಯದ ತುದಿಗಳಲ್ಲಿ ಹಾರಿ ಬಂದವನು, ಅಂಗೈ ಅಗಲದ ಜಾಗದಲ್ಲಿ ಇಳಿದು ಬಂದವನು. ಅಟ್ಟಣಿಗೆ ಏನು ಮಹಾ ಎಂದುಕೊಂಡಿದ್ದೆ. ಮೊದಲ ದಿನ ಇಳಿಯುವಾಗ ಕಣ್ಣು ಕೆಳಗಿನ ಅಲೆಗಳ ಮೇಲೆ ಹೋಯಿತು. ಗುಡ್ಡ ನಿಂತಿರುತ್ತದೆ, ಅಲೆ ನಿಲ್ಲುವುದಿಲ್ಲ. ಅಲೆಯ ಜೊತೆ ನನ್ನ ಕೈ, ಕೈಯ ಜೊತೆ ಹೆಲಿಕಾಪ್ಟರು, ಮೆಲ್ಲಗೆ ಪಕ್ಕಕ್ಕೆ ಸರಿಯತೊಡಗಿದವು. ಕ್ಯಾಪ್ಟನ್ ಏನೂ ಬೈಯಲಿಲ್ಲ. ತಾನು ಹಿಡಿತ ತೆಗೆದುಕೊಂಡು ಇಳಿಸಿ, ಅಟ್ಟಣಿಗೆಯ ಮೇಲೆ ಬಳಿದ ದೊಡ್ಡ ವೃತ್ತವನ್ನು ತೋರಿಸಿ, ಸಮುದ್ರದಲ್ಲಿ ನಂಬಬೇಕಾದದ್ದು ಇದೊಂದನ್ನೇ ಎಂದ. ಚಿಕ್ಕವನಿಂದ ಕಲಿತ ಮಾತು ಚೆನ್ನಾಗಿ ನೆನಪಿರುತ್ತದೆ, ಸ್ವಲ್ಪ ಚುಚ್ಚಿರುತ್ತದಲ್ಲ.

ಈಗಿನವರಿಗೆ ಪರದೆಯ ಮೇಲೆ ದಾರಿ ಕಾಣುತ್ತದೆ. ನಾನು ಸೇರಿದಾಗ ಹಳಬರು ಮಳೆಗಾಲದ ಮೋಡದಲ್ಲಿ ದಿಕ್ಕು ತೋರಿಸುವ ರೇಡಿಯೊ ಮುಳ್ಳನ್ನು ನೆಚ್ಚಿ ಹೋಗುತ್ತಿದ್ದ ಕಾಲದ ಕಥೆ ಹೇಳುತ್ತಿದ್ದರು. ಹಿಂದಿನದೇ ಚೆಂದ ಎಂದು ಹಲುಬುವ ಜಾತಿ ನನ್ನದಲ್ಲ. ಪರದೆ ಬಂದದ್ದು ಒಳ್ಳೆಯದಾಯಿತು. ಆದರೆ ಒಂದು ವಿದ್ಯೆ ಮಾತ್ರ ಆಗಲೂ ಈಗಲೂ ಒಂದೇ. ಸೈನ್ಯ ಬಿಟ್ಟ ಮೇಲಿನ ನನ್ನ ಮೊದಲ ಕೆಲಸ ತೂಗಾಡಿದ್ದೂ ಅದರ ಮೇಲೆಯೇ.

ಅಪ್ಪ ಹಾಸಿಗೆ ಹಿಡಿದರೆಂದು ನಾನು ಸೈನ್ಯ ಬಿಟ್ಟು ಬಂದೆ. ಇಷ್ಟು ವರ್ಷ ಹಾರಿದ್ದೇನೆ, ಕಂಪನಿಗಳು ಮನೆ ಮುಂದೆ ಸಾಲು ನಿಲ್ಲುತ್ತವೆ ಎಂಬ ಭ್ರಮೆ. ಎಲ್ಲಿಯ ಸಾಲು! ತಿಂಗಳುಗಟ್ಟಲೆ ಫೋನಿನ ಪಕ್ಕ ಕೂತೆ. ಅಪ್ಪ ತೀರಿಕೊಂಡರು. ಮಗಳು ಸ್ಕೂಲಿಗೆ, ಸುಶೀಲಾ ಒಳಗೆ, ನಾನು ಮತ್ತು ಫೋನು ಹಜಾರದಲ್ಲಿ. ಕ್ಷೌರದಂಗಡಿಯವನು ನನ್ನ ಮೇಲಿನ ಕನಿಕರದಿಂದ, ತನ್ನ ಭಾವಮೈದುನನ ಲಾರಿಗೆ ಡ್ರೈವರು ಬೇಕಾಗಿದ್ದಾನೆ ಎಂದು ಕಿವಿಯಲ್ಲಿ ಹೇಳಿದ. ನಗು ಬರಲಿಲ್ಲ. ನಿಜ ಹೇಳಬೇಕೆಂದರೆ ಎರಡು ದಿನ ಆ ಲಾರಿಯ ಬಗ್ಗೆ ಯೋಚಿಸಿದ್ದೆ.

ಕೊನೆಗೆ ಒಂದು ಕಂಪನಿ ಕರೆಯಿತು. ಸಂದರ್ಶನದಲ್ಲಿ ನನ್ನ ಹಿಮಾಲಯದ ಸಾಹಸಗಳನ್ನು ಯಾರೂ ಕೇಳಲಿಲ್ಲ. ಅಲ್ಲಿನ ಹಿರಿಯ ಪೈಲಟ್ ಕೇಳಿದ್ದು ಒಂದೇ: ನಿಮಗಿಂತ ಚಿಕ್ಕವರ ಪಕ್ಕದಲ್ಲಿ ಕೂತು ಅವರ ಮಾತು ಕೇಳುತ್ತೀರಾ? ಕೇಳುತ್ತೇನೆ ಎಂದೆ. ಕಾವ್ಯ, ಇದನ್ನು ಚೆನ್ನಾಗಿ ನೆನಪಿಟ್ಟುಕೋ ತಾಯಿ. ನೀನು ಎಷ್ಟು ಚೆನ್ನಾಗಿ ಹಾರಿಸುತ್ತೀ ಎಂಬುದಕ್ಕಿಂತ ಮಾತು ಕೇಳುತ್ತೀಯೋ ಇಲ್ಲವೋ ಎಂಬುದನ್ನು ಅವರು ಮೊದಲು ನೋಡುತ್ತಾರೆ. ನನ್ನನ್ನು ತೆಗೆದುಕೊಳ್ಳುವುದಾಗಿ ಹೇಳಿದರು, ಆದರೆ ಒಂದು ಷರತ್ತು. ನೀರಿನ ತೊಟ್ಟಿಯ ಪರೀಕ್ಷೆ ಪಾಸಾಗಬೇಕು. ಹೆಲಿಕಾಪ್ಟರು ಸಮುದ್ರಕ್ಕೆ ಬಿದ್ದರೆ ಒಳಗಿಂದ ಹೊರಬರುವ ಪರೀಕ್ಷೆ ಅದು.

ಈ ಸುದ್ದಿಯನ್ನು ಕುಣಿಯುತ್ತ ಮನೆಗೆ ತಂದೆ. ಸುಶೀಲಾ ಅನ್ನ ಬಸಿಯುತ್ತಿದ್ದಳು. ಸಮುದ್ರ ಎಂದದ್ದೇ ಅವಳ ಕೈ ನಿಂತಿತು.

ಅವಳು ಹರಿಹರದವಳು, ಹೊಳೆದಂಡೆಯ ಓಣಿಯ ಮಗಳು. ಮಂಜ ಅಂತ ಒಬ್ಬ ತಮ್ಮನಿದ್ದ. ಮೀನಿನ ಹಾಗೆ ಈಜುತ್ತಿದ್ದನಂತೆ. ಅವಳು ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಒಂದು ದಿನ ಅವನ ಕಾಲು ಹೊಳೆಯಲ್ಲಿ ಹಾಕಿದ್ದ ಮೀನಿನ ಬಲೆಗೆ ಸಿಕ್ಕಿತು. ಬಿಡಿಸಿಕೊಳ್ಳಲು ಒದ್ದಾಡಿದ. ಒದ್ದಾಡಿದಷ್ಟೂ ಬಲೆ ಬಿಗಿಯಿತು. ಇವಳು ಕಿರುಚುತ್ತ ದಂಡೆಯಲ್ಲಿ ನಿಂತೇ ಇದ್ದಳು. ಅವನು ಮೇಲೆ ಬರಲಿಲ್ಲ. ಆ ಮೇಲೆ ನಮ್ಮ ಮದುವೆಯಾಯಿತು, ಮಗಳು ಹುಟ್ಟಿದಳು. ತವರಿಗೆ ಹೋದಾಗಲೂ ಅವಳು ಹೊಳೆಯ ಕಡೆ ಹೋದವಳಲ್ಲ. ನಾನು ಹುಟ್ಟೂರು ಮಾಯಕೊಂಡದ ನಮ್ಮ ತೋಟದ ಬಾವಿಯಲ್ಲಿ ಈಜು ಕಲಿತವನು, ಮದುವೆಯ ಹೊಸದರಲ್ಲಿ ಅದನ್ನು ಕೊಚ್ಚಿಕೊಂಡಿದ್ದೆ. ಅವಳು ಎದ್ದು ಒಳಗೆ ಹೋಗಿದ್ದಳು.

"ಗುಡ್ಡದ ಮ್ಯಾಲೆ ಹಾರಿಸಿದ್ರಿ, ಏನರ ಅಂದೆನಾ?" ಎಂದಳು ಅವತ್ತು. "ನೀರಿನ ಮ್ಯಾಲೆ ಮಾತ್ರ ಬ್ಯಾಡ್ರಿ."

ನಾನು ವಾದ ಮಾಡಿದೆ. ಈ ಕೆಲಸ ಬಿಟ್ಟರೆ ಇನ್ನೊಂದು ಬರುವ ಲಕ್ಷಣವಿಲ್ಲ ಎಂದೆ. ಅದು ಅವಳಿಗೂ ಗೊತ್ತಿತ್ತು. ಆಮೇಲೆ ಅವಳು ಬೇಡವೆಂದೂ ಅನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಬಸ್ ಸ್ಟ್ಯಾಂಡಿಗೆ ಹೊರಟಾಗ ಮುಖ ನೋಡದೆ ಬುತ್ತಿ ಕೈಗಿಟ್ಟಳು. ಅವಳ ಒಪ್ಪಿಗೆಯಿಲ್ಲದೆ ಒಂದು ಕೆಲಸಕ್ಕೆ ಹೊರಟದ್ದು ಅದೇ ಮೊದಲು.

ತೊಟ್ಟಿಯ ಪರೀಕ್ಷೆ ಹೀಗಿರುತ್ತದೆ. ಹೆಲಿಕಾಪ್ಟರಿನ ಒಳಭಾಗದ ಹಾಗೆ ಮಾಡಿದ ಒಂದು ಡಬ್ಬಿ. ಅದರಲ್ಲಿ ನಿಮ್ಮನ್ನು ಬೆಲ್ಟು ಕಟ್ಟಿ ಕೂರಿಸುತ್ತಾರೆ. ಡಬ್ಬಿಯನ್ನು ನೀರಿಗಿಳಿಸಿ, ಮುಳುಗಿದ ಮೇಲೆ ತಲೆಕೆಳಗು ಮಾಡುತ್ತಾರೆ. ಒಂದು ಕೈ ಕಿಟಕಿಯ ಚೌಕಟ್ಟು ಹಿಡಿದಿರಬೇಕು. ಎಲ್ಲ ಅಲ್ಲಾಟ ನಿಲ್ಲುವವರೆಗೆ ಹಾಗೇ ಕೂತಿರಬೇಕು. ನಿಂತ ಮೇಲೆ ಕಿಟಕಿ ತಳ್ಳಬೇಕು, ಕಟ್ಟಕಡೆಗೆ ಬೆಲ್ಟು ಬಿಚ್ಚಿ, ಹಿಡಿದ ಕೈಯ ಆಸರೆಯಲ್ಲೇ ಹೊರಬರಬೇಕು. ಅಷ್ಟೆ.

ಅಲ್ಲಿನ ಗುರು ನೌಕಾಪಡೆಯ ಹಳೆಯ ಮುಳುಗುಗಾರ. ನಿಮ್ಮಲ್ಲಿ ಯಾರಿಗೆ ಚೆನ್ನಾಗಿ ಈಜು ಬರುತ್ತದೆ ಎಂದು ಕೇಳಿದ. ನಾನು ಎಲ್ಲರಿಗಿಂತ ಮೊದಲು ಕೈ ಎತ್ತಿದೆ. ಅವನು ನಿಟ್ಟುಸಿರು ಬಿಟ್ಟದ್ದು ಏಕೆಂದು ಆಗ ತಿಳಿಯಲಿಲ್ಲ.

ಬಾವಿಯಲ್ಲಿ ಈಜು ಕಲಿತವರಿಗೆ ಒಂದು ಗುಣವಿರುತ್ತದೆ. ನನಗೆ ಕಲಿಸಿದ್ದು ನಮ್ಮಣ್ಣ ರುದ್ರಣ್ಣ. ಬೆನ್ನಿಗೆ ಬೆಂಡು ಕಟ್ಟಿ ಬಾವಿಗೆ ನೂಕುತ್ತಿದ್ದ, ಒಂದು ದಿನ ಹೇಳದೆ ಕೇಳದೆ ಬೆಂಡು ಬಿಚ್ಚಿ ನೂಕಿದ. ಮುಳುಗಿದೆಯೋ, ಕಾಲು ಬಡಿ, ಬೆಳಕು ಕಂಡ ಕಡೆ ಬಾ. ಬಾವಿಯಲ್ಲಿ ಬೆಳಕಿರುವುದು ಮೇಲೆ ಮಾತ್ರ, ಹಾಗಾಗಿ ಆ ಪಾಠ ಎಂದೂ ತಪ್ಪುವುದಿಲ್ಲ. ತೊಟ್ಟಿಯಲ್ಲಿ ಡಬ್ಬಿ ಮಗುಚತೊಡಗಿದ್ದೇ ತಡ, ನನ್ನ ಕೈ ನನ್ನನ್ನು ಕೇಳದೆಯೇ ಬೆಲ್ಟು ಬಿಚ್ಚಿತು, ಕಾಲು ಬಡಿಯತೊಡಗಿತು. ಮೇಲೆ ಎಂದುಕೊಂಡ ಕಡೆ ಡಬ್ಬಿಯ ನೆಲವಿತ್ತು. ತಲೆ ಬಡಿಯಿತು. ಕಿಟಕಿ ಎಲ್ಲಿ, ನಾನೆಲ್ಲಿ, ಒಂದೂ ತಿಳಿಯಲಿಲ್ಲ. ಕಾವಲಿಗಿದ್ದ ಮುಳುಗುಗಾರ ಕೊರಳಪಟ್ಟಿ ಹಿಡಿದು ಎಳೆದು ತಂದ. ಮತ್ತೆ ಇಳಿಸಿದರು, ಮತ್ತೆ ಅದೇ. ಈಜು ಬಾರದ ಒಬ್ಬ ಎಂಜಿನಿಯರು, ಬೆಳಗ್ಗೆಯಿಂದ ಹನುಮಾನ್ ಚಾಲೀಸಾ ಹೇಳುತ್ತಿದ್ದವನು, ಹೇಳಿದಷ್ಟನ್ನೇ ಮಾಡಿ ಸಲೀಸಾಗಿ ಹೊರಬಂದ.

ಗುರು ನನ್ನನ್ನು ಪಕ್ಕಕ್ಕೆ ಕರೆದು ಸಮಾಧಾನವಾಗಿಯೇ ಹೇಳಿದ. ಬಾರದವರು ಹೆದರಿ ಮಾತು ಕೇಳುತ್ತಾರೆ, ಬರುವವರನ್ನು ಅವರ ಕೈಕಾಲೇ ಮುಳುಗಿಸುತ್ತದೆ. ಇನ್ನೊಂದು ಅವಕಾಶ ಸ್ವಲ್ಪ ದಿನ ಬಿಟ್ಟು ಕೊಡುತ್ತೇವೆ, ಅದೂ ಹೋದರೆ ಕಂಪನಿ ಬೇರೆಯವರನ್ನು ನೋಡಿಕೊಳ್ಳುತ್ತದೆ ಎಂದ.

ಮನೆಗೆ ಬಂದು ಸುಶೀಲಾಳಿಗೆ ಎಲ್ಲ ಹೇಳಿದೆ. ಒಳ್ಳೆಯದಾಯಿತು, ಬಿಡ್ರಿ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಹಣೆಯ ಮೇಲಿನ ಊತಕ್ಕೆ ಅರಿಶಿನ ಹಚ್ಚುತ್ತ, ಮತ್ತೆ ಮತ್ತೆ ಒಂದನ್ನೇ ಕೇಳಿದಳು: ಅಲ್ಲಾಡದೆ ಕೂತವರು ಹೊರಗೆ ಬಂದರಾ? ಎಲ್ಲರೂ ಬಂದರಾ? ಬಂದರು ಎಂದೆ.

ಉಪಾಯ ಹೂಡಿದವನು ರುದ್ರಣ್ಣ. ಅವನಿಗೆ ಹೆಲಿಕಾಪ್ಟರು ಗೊತ್ತಿಲ್ಲದಿದ್ದರೂ ಬಾವಿ ಗೊತ್ತು, ತಮ್ಮ ಗೊತ್ತು. ಬಾವಿಯಲ್ಲಿ ಕಲಿತದ್ದನ್ನು ಬಾವಿಯಲ್ಲೇ ಬಿಡಿಸಬೇಕು ಎಂದ. ದಾವಣಗೆರೆಯ ಗುಜರಿ ಅಂಗಡಿಯಿಂದ ಹಳೆಯ ಜೀಪೊಂದರ ಸೀಟು, ಬೆಲ್ಟು ತಂದ. ಅದನ್ನು ಕಬ್ಬಿಣದ ಚೌಕಟ್ಟಿಗೆ ಬೆಸುಗೆ ಹಾಕಿಸಿ, ಹಗ್ಗ ಕಟ್ಟಿ, ತೋಟದ ಬಾವಿಯ ರಾಟೆಗೆ ತೂಗುಬಿಟ್ಟ. ಒಂದು ಹಗ್ಗ ಇಳಿಸಲು, ಇನ್ನೊಂದು ಮಗುಚಲು. ಆ ವರ್ಷ ಮಳೆ ಚೆನ್ನಾಗಿತ್ತು, ಬಾವಿಯ ಮೆಟ್ಟಿಲುಗಳು ಅರ್ಧ ಮುಳುಗಿದ್ದವು. ಇಬ್ಬರು ಆಳುಗಳು ಹಗ್ಗ ಹಿಡಿದರು, ರುದ್ರಣ್ಣ ನೀರಿಗಿಳಿದು ನನ್ನ ಪಕ್ಕದಲ್ಲೇ ಇದ್ದ. ಮಾಯಕೊಂಡದ ಅರ್ಧ ಊರು ಕಟ್ಟೆಯ ಮೇಲಿತ್ತು. ಮಿಲ್ಟ್ರಿ ಸಾಹೇಬರನ್ನು ಕುರ್ಚಿಗೆ ಕಟ್ಟಿ ಬಾವಿಗೆ ಹಾಕುತ್ತಿದ್ದಾರಂತೆ ಎಂದು ಸುದ್ದಿ ಹಬ್ಬಿದರೆ ಯಾರು ತಾನೇ ಮನೆಯಲ್ಲಿ ಕೂತಾರು?

ಸುಶೀಲಾ ತಾನೂ ಬರುತ್ತೇನೆಂದು ಬಂದಿದ್ದಳು. ದೂರದ ಬೇವಿನ ಮರದ ಕೆಳಗೆ ಬಾವಿಗೆ ಬೆನ್ನು ಹಾಕಿ ಕೂತಿದ್ದಳು.

ಮೊದಲ ಸಲ ಮಗುಚಿದಾಗ ಕೈ ಮತ್ತೆ ಅದೇ ಕೆಲಸ ಮಾಡಿತು. ಎರಡನೆಯ ಸಲ ಚೌಕಟ್ಟು ಭುಜಕ್ಕೆ ಬಡಿದು ರಕ್ತ ಬಂತು. ಕಟ್ಟೆಯ ಮೇಲಿನವರ ನಗು ನಿಂತಿತು. ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಿದ್ದೆ. ಸಾಕು ಬಿಡೋ ತಮ್ಮ, ಲಾರಿನೇ ಓಡಿಸಿದರಾಯಿತು ಎಂದ ರುದ್ರಣ್ಣ, ಅರ್ಧ ತಮಾಷೆಗೆ, ಅರ್ಧ ಹೆದರಿ. ಅಷ್ಟರಲ್ಲಿ ಜನ ಸರಿದು ದಾರಿ ಬಿಟ್ಟದ್ದು ಕಾಣಿಸಿತು. ಸುಶೀಲಾ ಬಾವಿಯ ಅಂಚಿಗೆ ಬಂದು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ಭಾವ, ಒಂದು ಸಣ್ಣ ಹಗ್ಗ ಕೊಡ್ರಿ" ಎಂದಳು.

ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಮಂಜ ಹೋದ ಮೇಲೆ ನೀರಿನ ಅಷ್ಟು ಹತ್ತಿರ ಅವಳು ಬಂದದ್ದನ್ನು ನಾನು ಕಂಡಿರಲಿಲ್ಲ. ಹಗ್ಗದ ಒಂದು ತುದಿಯನ್ನು ನನ್ನ ಎಡಗೈ ಮಣಿಕಟ್ಟಿಗೆ ತಾನೇ ಕಟ್ಟಿದಳು. ಇನ್ನೊಂದು ತುದಿಯನ್ನು ತನ್ನ ಅಂಗೈಗೆ ಸುತ್ತಿಕೊಂಡಳು.

"ಒಳಗಿದ್ದೋರಿಗೆ ನೀರು ನಿಂತಿದ್ದು ತಿಳಿಯಂಗಿಲ್ಲ. ದಂಡಿ ಮ್ಯಾಲೆ ನಿಂತೋರಿಗೆ ಕಾಣತೈತೆ" ಎಂದಳು. "ನಾ ಜಗ್ಗೋ ತನಕ ಬಿಚ್ಚಬ್ಯಾಡ್ರಿ. ನನ್ನಾಣೆ."

ಇಳಿಸಿದರು, ಮಗುಚಿದರು. ಮೂಗಿಗೆ ನೀರು ನುಗ್ಗಿತು. ಬಲಗೈ ಬೆಲ್ಟಿನ ಹತ್ತಿರ ಹೋಯಿತು, ಅವಳ ಆಣೆ ನೆನಪಾಗಿ ನಿಂತಿತು. ಕಾಲು ಒದೆಯಬೇಕೆಂದಿತು, ಅದನ್ನೂ ತಡೆದೆ. ಗುಳ್ಳೆಗಳು ಕಿವಿಯ ಪಕ್ಕ ಸದ್ದು ಮಾಡುತ್ತ ಹೋದವು. ಆಮೇಲೆ ಸದ್ದೂ ಹೋಯಿತು. ಆಗ ಮಣಿಕಟ್ಟಿನಲ್ಲಿ ಒಂದು ಸಣ್ಣ ಜಗ್ಗು. ಚೌಕಟ್ಟು ಹಿಡಿದ ಕೈಯ ಆಸರೆಯಲ್ಲೇ, ಬೆಲ್ಟು ಬಿಚ್ಚಿ, ಹಿತ್ತಿಲ ಬಾಗಿಲು ದಾಟಿದಷ್ಟು ಸುಲಭವಾಗಿ ಹೊರಗೆ ಬಂದೆ. ತಲೆ ಎತ್ತಿದರೆ ಅವಳು ಮೊಣಕಾಲ ತನಕ ನೀರಿನಲ್ಲಿ ನಿಂತಿದ್ದಳು. ಅದು ಅವಳ ಗಮನಕ್ಕೇ ಬಂದಿರಲಿಲ್ಲ.

ಸಂಜೆಯ ತನಕ ಅದನ್ನೇ ಮಾಡಿದೆವು, ಮರುದಿನವೂ ಮಾಡಿದೆವು. ಬರುಬರುತ್ತ ಅವಳು ಬೇಕೆಂದೇ ತಡವಾಗಿ ಜಗ್ಗತೊಡಗಿದಳು. ಉಸಿರು ಕಟ್ಟಿ ಹೊರಬಂದು ಗದರಿದರೆ, ಸಮುದ್ರಕ್ಕೆ ಅವಸರ ಇರಲ್ಲ ಕಣ್ರಿ ಎಂದು ನನಗೇ ಪಾಠ ಹೇಳಿದಳು. ಅವಳ ಅಂಗೈಯಲ್ಲಿ ಹಗ್ಗ ಉಜ್ಜಿ ಕೆಂಪು ಬರೆ ಎದ್ದಿತ್ತು. ಆ ರಾತ್ರಿ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚುವಾಗ ನನಗೆ ಅಳು ಬಂತು. ಕೆಲಸ ಸಿಗಲಿ ಬಿಡಲಿ, ಇಂಥವಳು ಸಿಕ್ಕಳಲ್ಲ ಎನಿಸಿತು. ಅವಳಿಗೆ ಹಾಗೆ ಹೇಳಲಿಲ್ಲ, ಈಗ ಬರೆದಿದ್ದೇನೆ, ಓದಿಕೊಳ್ಳಲಿ. ಆದರೆ ಇಷ್ಟೆಲ್ಲ ಮಾಡಿದವಳು ಸಮುದ್ರದ ಕೆಲಸಕ್ಕೆ ಹೋಗಿರಿ ಎಂದು ಮಾತ್ರ ಆಗಲೂ ಹೇಳಿರಲಿಲ್ಲ. ನಾನು ಕೇಳಿದ್ದಕ್ಕೆ, ನೀರಿನಿಂದ ಹೊರಗೆ ಬರೋದು ಕಲೀರಿ ಮೊದಲು, ಹೋಗೋದು ಆಮೇಲೆ ಎಂದಿದ್ದಳು.

ಎರಡನೆಯ ಸಲ ತೊಟ್ಟಿಯಲ್ಲಿ ಹಗ್ಗವಿರಲಿಲ್ಲ, ಅವಳಿರಲಿಲ್ಲ. ಗುರು ನನ್ನ ಬೆಲ್ಟನ್ನು ತಾನೇ ಬಿಗಿದು ನೋಡಿ ಹೋದ. ಡಬ್ಬಿ ಇಳಿಯಿತು, ಮಗುಚಿತು. ಕತ್ತಲೆ, ತಣ್ಣಗೆ ನೀರು. ನಾನು ಕಿಟಕಿ ಹಿಡಿದು ಕೂತೆ. ಸುತ್ತಲಿದ್ದವರು ಒಬ್ಬೊಬ್ಬರಾಗಿ ಹೊರಟದ್ದು ನೀರಿನ ತಳ್ಳಾಟದಿಂದ ಗೊತ್ತಾಗುತ್ತಿತ್ತು. ನಾನು ಕೂತೇ ಇದ್ದೆ. ಎಲ್ಲ ನಿಂತ ಮೇಲೂ ಒಂದು ಗಳಿಗೆ ಕೂತೆ. ಆಮೇಲೆ ಕಿಟಕಿ ತಳ್ಳಿ, ಬೆಲ್ಟು ಬಿಚ್ಚಿ ಬಂದೆ. ಮೇಲೆ ಬಂದಾಗ ಗುರು ಗಾಬರಿಯಿಂದ ತೊಟ್ಟಿಯ ಅಂಚಿನಲ್ಲಿ ಮಂಡಿಯೂರಿದ್ದ. ಪಾಸು ಎಂದ, ಆದರೆ ಅಷ್ಟು ಹೊತ್ತು ಕೂರಬೇಕೆಂದು ನಿನಗೆ ಯಾರು ಹೇಳಿದರು ಎಂದು ಬೈದ.

ಒದ್ದೆ ತಲೆಯಲ್ಲೇ ಹೋಗಿ ಮನೆಗೆ ಫೋನು ಮಾಡಿದೆ. ಮೊದಲ ಗಂಟೆಗೇ ಎತ್ತಿದಳು. ಪಾಸಾದೆ ಎಂದೆ.

"ಅಲ್ಲಿ ಜಗ್ಗೋರು ಯಾರೂ ಇರಲಿಲ್ಲಲ್ರಿ" ಎಂದಳು. "ಹೆಂಗ್ ಗೊತ್ತಾತು?"

"ನೀನು ಜಗ್ಗೋ ಅಷ್ಟೊತ್ತು ಕಾದೆ" ಎಂದೆ.

ಅವಳು ಅತ್ತಳು. ಮಂಜನ ಹೆಸರು ಹೇಳಿ ಅತ್ತಳು. ಅಷ್ಟು ವರ್ಷಗಳಲ್ಲಿ ಅವನ ಹೆಸರು ಹಿಡಿದು ಅವಳು ಅತ್ತದ್ದನ್ನು ಕೇಳಿದ್ದು ಅದೇ ಮೊದಲು. ಅವನಿಗೂ ಒಂದು ಮಾತು ಕೂಗಿ ಹೇಳಬಹುದಿತ್ತು, ಅಲ್ಲಾಡಬ್ಯಾಡ ಅಂತ, ನನಗೆ ಗೊತ್ತಿರಲಿಲ್ಲ, ಬರೀ ಕಿರುಚಿದೆ ಎಂದಳು. ನೀನು ಚಿಕ್ಕವಳಿದ್ದೆ ಕಣೇ ಎಂದೆ. ನನ್ನ ಹಿಂದೆ ಫೋನಿಗಾಗಿ ಕಾಯುತ್ತಿದ್ದವರು ಗೊಣಗುತ್ತಿದ್ದರು. ನಾನು ಇಡಲಿಲ್ಲ. ಅವಳ ಅಳು ನಿಲ್ಲುವ ತನಕ ಸುಮ್ಮನೆ ಹಿಡಿದುಕೊಂಡು ನಿಂತೆ.

ಕೊನೆಗೆ ಮೂಗು ಒರೆಸಿಕೊಂಡಳು, ಆ ಸದ್ದು ಕೇಳಿಸಿತು.

"ಹಂಗಾರೆ ಹೋಗ್ರಿ ಸಮುದ್ರಕ್ಕೆ" ಎಂದಳು.

ಕಂಪನಿಯ ಆರ್ಡರು ಆಮೇಲೆ ಯಾವಾಗಲೋ ಬಂತು. ನನಗೆ ಕೆಲಸ ಸಿಕ್ಕಿದ್ದು ಅವತ್ತು.